ಹಳೆಯ ಗೋರಿಕಲ್ಲುಗಳ ಬರಹವನ್ನು ದಾಖಲಿಸುವ ಕ್ರಮ

ನಮ್ಮ ಭಾಗದ ಬಹಳಷ್ಟು ಮನೆತನಗಳ ವಂಶಾವಳಿ ಹೆಳವರ ಹೊತ್ತಿಗೆಗಳಲ್ಲಿದೆ. ಅವರು ಎತ್ತಿನ ಮೇಲೆ ಊರಿಗೆ ಬಂದು ತಲೆಮಾರುಗಳ ಹೆಸರನ್ನು ಓದಿ ಹೇಳುತ್ತಿದ್ದುದನ್ನು ಹಿರಿಯರು ಈಗಲೂ ನೆನೆಯುತ್ತಾರೆ. ಆದರೆ 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ 1841ರಲ್ಲಿ ಬೆಟಗೇರಿಗೂ ಬಂದು ನೆಲೆಸಿದ ಬಾಸೆಲ್ ಮಿಶನ್ನಿನ ಜರ್ಮನ್ ಭಾಷಿಕ ಪಾದ್ರಿಗಳ ಮನೆಗಾಗಲಿ, 1885ರಲ್ಲಿ ಆರಂಭವಾದ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿಗೆ ದೂರದಿಂದ ಕೆಲಸಕ್ಕೆ ಬಂದವರ ಮನೆಗಾಗಲಿ ಹೆಳವರು ಹೋದವರಲ್ಲ. ಅಂಥ ಕುಟುಂಬಗಳ ಇಂದಿನ ಪೀಳಿಗೆಗೆ ಕೆಲವೊಮ್ಮೆ ಉಳಿದಿರುವ ಆಧಾರವೆಂದರೆ ಇಲ್ಲಿಯ ಗೋರಿಕಲ್ಲು ಮಾತ್ರ. ಅದನ್ನು ದಾಖಲಿಸಲು ಪದವಿ ಬೇಕಿಲ್ಲ, ತಾಳ್ಮೆ ಬೇಕು.

ಮೊದಲು ಅನುಮತಿ ಪಡೆಯಬೇಕು. ಕ್ರೈಸ್ತರ ಸ್ಮಶಾನವಾದರೆ ಚರ್ಚಿನ ಸಭೆಯ ಕಮಿಟಿಯನ್ನೂ ಕಬರಸ್ತಾನವಾದರೆ ಮಸೀದಿಯ ಕಮಿಟಿಯನ್ನೂ ಕಂಡು, ಯಾವ ಭಾಗವನ್ನು ದಾಖಲಿಸುತ್ತೀರಿ, ಚಿತ್ರಗಳನ್ನು ಎಲ್ಲಿ ಇಡುತ್ತೀರಿ ಎಂಬುದನ್ನು ಬರಹದಲ್ಲಿ ತಿಳಿಸುವುದು ಒಳ್ಳೆಯದು. ಕಾವಲುಗಾರನನ್ನು ಮರೆಯಬಾರದು, ಯಾವ ಕಲ್ಲು ಯಾವ ಮಳೆಗಾಲದಲ್ಲಿ ಉರುಳಿತು, ಮೊದಲು ಎಲ್ಲಿ ನಿಂತಿತ್ತು ಎಂಬುದು ಅವನಿಗೇ ಗೊತ್ತು. ಕೆಲಸಕ್ಕೆ ಡಿಸೆಂಬರಿನಿಂದ ಫೆಬ್ರುವರಿಯವರೆಗಿನ ಕಾಲ ಅನುಕೂಲ. ಮಳೆ ನಿಂತ ಕೂಡಲೇ ಹೋದರೆ ಎದೆಯೆತ್ತರದ ಕಾಂಗ್ರೆಸ್ ಹುಲ್ಲಿನಲ್ಲಿ ಮೈ ತುರಿಸಿಕೊಂಡು ಬರುವುದೇ ಆಗುತ್ತದೆ, ಹಾವಿನ ಭಯವೂ ಇರುತ್ತದೆ.

ಕಲ್ಲನ್ನು ಶುಚಿಗೊಳಿಸುವ ಉತ್ಸಾಹವನ್ನು ಹಿಡಿತದಲ್ಲಿಡಬೇಕು. ತಂತಿ ಬ್ರಶ್ಶು, ಆ್ಯಸಿಡ್, ಬ್ಲೀಚಿಂಗ್ ಪೌಡರ್ ಇವುಗಳನ್ನು ಮುಟ್ಟಲೇಬಾರದು. ಅಕ್ಷರ ಎದ್ದು ಕಾಣಲೆಂದು ಸೀಮೆಸುಣ್ಣ, ಹಿಟ್ಟು ಅಥವಾ ಶೇವಿಂಗ್ ಕ್ರೀಮ್ ಬಳಿಯುವುದೂ ತಪ್ಪು, ಏಕೆಂದರೆ ಅವು ಕಲ್ಲಿನ ರಂಧ್ರಗಳಲ್ಲಿ ಉಳಿದು ಮುಂದೆ ಅದನ್ನು ಕೆಡಿಸುತ್ತವೆ. ಒಣ ಮಣ್ಣನ್ನು ಮೆತ್ತನೆಯ ಬ್ರಶ್ಶಿನಿಂದ ಉದುರಿಸಿದರೆ ಸಾಕು. ಕಲ್ಲು ಗಟ್ಟಿಯಾಗಿದ್ದರೆ ಬರಿ ನೀರನ್ನು ಬಳಸಬಹುದು, ಆದರೆ ಪದರ ಏಳುತ್ತಿರುವ ಕಲ್ಲಿಗೆ ಅದೂ ಬೇಡ.

ಓದಿಗೆ ನಿಜವಾದ ಸಾಧನ ಓರೆ ಬೆಳಕು. ನಡುಮಧ್ಯಾಹ್ನ ಸಪಾಟಾಗಿ ಕಾಣುವ ಕಲ್ಲಿನ ಮೇಲೆ ಬೆಳಗಿನ ಎಳೆಬಿಸಿಲು ಪಕ್ಕದಿಂದ ಬಿದ್ದಾಗ ಅಕ್ಷರದ ಪ್ರತಿಯೊಂದು ಗೀರಿಗೂ ನೆರಳು ಮೂಡುತ್ತದೆ. ಬಿಸಿಲು ತಾಗದ ಮಗ್ಗುಲಿಗೆ ಇನ್ನೊಬ್ಬರು ದೊಡ್ಡ ಕನ್ನಡಿಯನ್ನು ಹಿಡಿದು ಬೆಳಕನ್ನು ಕಲ್ಲಿನ ಮೈಗುಂಟ ಹಾಯಿಸಬೇಕು. ಅಮೃತಶಿಲೆಯ ಹಲಗೆಗಳಲ್ಲಿ ಸೀಸದ ಅಕ್ಷರಗಳು ಉದುರಿಹೋಗಿದ್ದರೂ ನಿರಾಶೆ ಬೇಡ. ಸೀಸ ಹಿಡಿದು ನಿಲ್ಲಲೆಂದು ಪ್ರತಿ ಅಕ್ಷರದ ಮೈಯಲ್ಲಿ ಕೊರೆದ ಸಣ್ಣ ತೂತುಗಳು ಉಳಿದಿರುತ್ತವೆ. ಅವನ್ನು ಕಾಗದದ ಮೇಲೆ ಚುಕ್ಕಿಗಳಾಗಿ ಗುರುತಿಸಿಕೊಂಡು, ರಂಗೋಲಿ ಎಳೆದಂತೆ ಸೇರಿಸುತ್ತ ಹೋದರೆ ಹೆಸರು ಅನೇಕ ವೇಳೆ ಮರಳಿ ಮೂಡುತ್ತದೆ.

ಬರೆದುಕೊಳ್ಳುವಾಗ ಕಲ್ಲಿನ ಮೇಲಿರುವುದನ್ನು ಸಾಲು ಸಾಲಾಗಿ, ಕಾಗುಣಿತದ ತಪ್ಪನ್ನೂ ತಿದ್ದದೆ ಇಳಿಸಿಕೊಳ್ಳಬೇಕು. ಕಾಣದ ಅಕ್ಷರಕ್ಕೆ ಖಾಲಿ ಚೌಕ ಕಂಸ ಹಾಕಿ, ಊಹೆಯನ್ನು ಟಿಪ್ಪಣಿಯಲ್ಲಿ ಬೇರೆಯಾಗಿಯೇ ಇಡಬೇಕು. ಇಂಗ್ಲಿಷ್ ಅಂಕೆಗಳಲ್ಲಿ 1 ಮತ್ತು 7, 3 ಮತ್ತು 8 ಸವೆದಾಗ ಒಂದೇ ರೀತಿ ಕಾಣುತ್ತವೆ. ಕನ್ನಡದಲ್ಲಿ ೨ ಮತ್ತು ೩, ೬ ಮತ್ತು ೯ ಹಾಗೆಯೇ ಕಾಡುತ್ತವೆ. ನಾನು ಒಮ್ಮೆ 1871 ಎಂದು ಧೈರ್ಯದಿಂದ ಬರೆದುಕೊಂಡು ಬಂದ ಇಸವಿ, ಸಭೆಯ ಹಳೆಯ ರಿಜಿಸ್ಟರ್ ತೆರೆದಾಗ 1877 ಆಗಿತ್ತು. ಕಲ್ಲಿನಲ್ಲೇ ಇದ್ದ ವಯಸ್ಸನ್ನು ಹುಟ್ಟಿದ ವರ್ಷಕ್ಕೆ ಕೂಡಿ ನೋಡಿದ್ದರೆ ಅಲ್ಲಿಯೇ ತಿಳಿಯುತ್ತಿತ್ತು. ಜರ್ಮನ್ ಕಲ್ಲುಗಳ ಮುರಿದಕ್ಷರದ ಲಿಪಿಯಲ್ಲಿ (ಗೆರೆಗಳು ಕೋನವಾಗಿ ಮುರಿದಂತಿರುವ ಹಳೆಯ ಫ್ರಾಕ್ಟುರ್ ಲಿಪಿ) ‘ಎಸ್’ ಎಷ್ಟೋ ಕಡೆ ‘ಎಫ್’ನಂತೆ ಕಾಣುವುದರಿಂದ ಹೆಸರುಗಳೇ ಬದಲಾಗುತ್ತವೆ. ಕಬರಸ್ತಾನದ ಕಲ್ಲಿನಲ್ಲಿ ಹಿಜರಿ ಇಸವಿ ಇದ್ದರೆ ಅದನ್ನೇ ಬರೆದು, ಕ್ರಿಸ್ತಶಕವನ್ನು ಪಕ್ಕದಲ್ಲಿ ಸೂಚಿಸಬೇಕು. ಹಿಜರಿ 1300 ಆರಂಭವಾದದ್ದು 1882ರ ನವೆಂಬರಿನಲ್ಲಿ. ಹಿಜರಿಯ ಚಾಂದ್ರವರ್ಷ ಕ್ರಿಸ್ತಶಕದ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದಾದ್ದರಿಂದ ಒಂದೇ ಸಂಖ್ಯೆಯನ್ನು ಕೂಡಿ ಎಲ್ಲಕ್ಕೂ ಲೆಕ್ಕ ಹಾಕಲಾಗದು.

ಪ್ರತಿ ಗೋರಿಗೆ ಮೂರು ಚಿತ್ರಗಳಿರಲಿ: ಇಡೀ ಗೋರಿ, ಬರಹ, ಸುತ್ತಲಿನ ನೆಲೆ. ಮೊಬೈಲಿನ ಜಿಪಿಎಸ್ ಕೆಲವು ಮೀಟರುಗಳಷ್ಟು ತಪ್ಪುವುದರಿಂದ, ಒತ್ತೊತ್ತಾದ ಸಾಲುಗಳಲ್ಲಿ ಅದನ್ನೇ ನೆಚ್ಚದೆ ಗೇಟಿನಿಂದ ಸಾಲು ಎಣಿಸಿ ಕೈನಕ್ಷೆ ಬರೆಯಬೇಕು.

1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಹತನಾದ ಧಾರವಾಡದ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆಯಂಥವರ ವಿವರ ಚರಿತ್ರೆಯಲ್ಲಿ ದಾಖಲಾಗಿಯೇ ಇದೆ. ಆದ್ದರಿಂದ ಗೋಡೆಯ ಬದಿಯ ಮೊಳದುದ್ದದ ಮಕ್ಕಳ ಗೋರಿಗಳಿಂದ ಆರಂಭಿಸಿ. ಮೊದಲು ಹೂತುಹೋಗುವವು ಅವೇ.

ಮನೆಗೆ ಬಂದ ಮೇಲೆ, ನಮ್ಮ ಭಾಗ ಆಗ ಸೇರಿದ್ದ ಮುಂಬಯಿ ಪ್ರಾಂತದ ಚರ್ಚ್ ದಾಖಲೆಗಳೊಂದಿಗೆ ಹೋಲಿಸಿ ನೋಡಬಹುದು. ಅವು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಚಿತ್ರಗಳನ್ನು ಗೋರಿಗಳ ವಿವರ ಸಂಗ್ರಹಿಸುವ ಫೈಂಡ್ ಎ ಗ್ರೇವ್‌ನಂಥ ಜಾಲತಾಣಕ್ಕೆ ಏರಿಸುವ ಮೊದಲು, ಬಂಧುಗಳು ಇಂದಿಗೂ ಹೂವಿಡುವ ಹೊಸ ಗೋರಿಗಳನ್ನು ಬಿಟ್ಟುಬಿಡಿ, ಇಲ್ಲವೇ ಅವರನ್ನು ಕೇಳಿ. ಪಟ್ಟಿಯ ಒಂದು ಮುದ್ರಿತ ಪ್ರತಿ ಕಮಿಟಿಗೆ ಸಲ್ಲಲಿ, ಕೈನಕ್ಷೆಯ ಇನ್ನೊಂದು ಪ್ರತಿ ಕಾವಲುಗಾರನ ಕೋಣೆಯಲ್ಲಿರಲಿ. ದೂರದಿಂದ ಹುಡುಕಿಕೊಂಡು ಬರುವವರು ಮೊದಲು ಕೇಳುವುದು ಅವನನ್ನೇ.