ಕೋಡ್ ತುಣುಕು ಕಳಸೂದು ಹೆಂಗ: ಮೊದಲ ಕೀ ತಗೀರಿ, ಆಮ್ಯಾಲೆ ಸೆಂಡ್ ಒತ್ರಿ

ಹುಬ್ಬಳ್ಳಿ ವಿದ್ಯಾನಗರದಾಗ ಒಂದ ರೂಮಿನ್ಯಾಗ ನಾಕ ಮಂದಿ ಕೂತು ವೆಬ್‌ಸೈಟ್ ಮಾಡ್ತೀವಿ. "ಅಣ್ಣಾ, ಆ ಫಾರ್ಮ್ ಚೆಕ್ ಮಾಡೋ ಸ್ಕ್ರಿಪ್ಟ್ ಒಂಚೂರು ಕಳಸ್ರಿ" ಅಂತ ದಿನಾ ಯಾರರ ಕೇಳೇ ಕೇಳ್ತಾರ. ಆದ್ರ ಮಂದಿ ಕಳಸೋ ರೀತಿ ನೋಡಿದ್ರ ತಲಿ ಕೆಡತೈತಿ. ಮೊನ್ನೆ ಒಬ್ಬಾಂವ ಲ್ಯಾಪ್‌ಟಾಪ್ ಸ್ಕ್ರೀನಿನ ಫೋಟೋ ಹೊಡದು ಕಳಸಿದ್ದ, ಟ್ಯೂಬ್‌ಲೈಟ್ ಬೆಳಕು ಬಿದ್ದು ಆರನೇ ಸಾಲ ಕಾಣವಲ್ದು, ಅದನ್ನ ನೋಡ್ಕೋತ ನಾ ಟೈಪ್ ಮಾಡ್ಬೇಕಂತ.

ಮೊದಲನೇದು, ಕತ್ತರಸ್ರಿ. ಕೇಳಿದ್ದು 15 ಸಾಲಿಂದು ಇದ್ರ 600 ಸಾಲಿನ ಫೈಲ್ ಯಾಕ?

ಎರಡನೇದು ಕೀ (ಬ್ಯಾರೆ ಸರ್ವೀಸ್ ಬಳಸಾಕ ಕೊಡೋ, ಪಾಸ್‌ವರ್ಡ್ ಇದ್ದಂಗ ಗುಟ್ಟಿನ ಅಕ್ಷರ), ಪಾಸ್‌ವರ್ಡ್ ತಗಿಯೂದು. ಎಲ್ಲಾರೂ ಎಡವೋದು ಇಲ್ಲೇ. "ಎಪಿಐ ಕೀ" ಅಂತ ಬರದ ಸಾಲ ಎಲ್ಲಾರೂ ಅಳಿಸ್ತಾರ, ಅಡಗಿ ಕೂತದ್ದು ಉಳೀತೈತಿ. ಡೇಟಾಬೇಸ್ ಯುಆರ್‌ಎಲ್ ನೋಡ್ರಿ, ಯೂಸರ್‌ನೇಮ್ ಆದಮ್ಯಾಲೆ ಕೋಲನ್, ಅದರ ಮುಂದ ಪಾಸ್‌ವರ್ಡ್ ಆರಾಮ ಕೂತಿರತೈತಿ. ಆಮ್ಯಾಲೆ ಎಂದೋ ಕಾಮೆಂಟ್ ಮಾಡಿ ಬಿಟ್ಟ ಹಳೇ ಸಾಲು. ಮತ್ತ ಬ್ರೌಸರ್‌ನ ನೆಟ್‌ವರ್ಕ್ ಟ್ಯಾಬ್‌ನ್ಯಾಗ "ಕಾಪಿ ಆ್ಯಸ್ ಕರ್ಲ್" (ಬ್ರೌಸರ್ ಕಳಿಸಿದ ರಿಕ್ವೆಸ್ಟನ್ನ ಕಮಾಂಡ್ ಮಾಡಿ ಕೊಡೂದು) ಒತ್ತಿ ಹಂಗ ಪೇಸ್ಟ್ ಮಾಡ್ತೀರಲ್ಲ, ಅದರಾಗ ನಿಮ್ಮ ಲಾಗಿನ್ ಕುಕೀನೂ ಇರತೈತ್ರಿ, ಅದು ಸಿಕ್ಕಾಂವಗ ಪಾಸ್‌ವರ್ಡೂ ಬ್ಯಾಡ. ಟೆಸ್ಟ್ ಡೇಟಾ ಅಂತ ಗಿರಾಕಿ ಫೋನ್ ನಂಬರ್ ಇಟ್ಟಿದ್ರ ಅದನ್ನೂ ತಗೀರಿ. ಅಳಿಸಿದ ಜಾಗದಾಗ ಖಾಲಿ ಬಿಡಬ್ಯಾಡ್ರಿ, "ನಿಮ್ಮ ಕೀ ಇಲ್ಲಿ" ಅಂತ ಬರೀರಿ.

ಕೋಡ್ ತುಣುಕು ಹಾಕಿ ಲಿಂಕ್ ಕೊಡಾಕ ಗಿಟ್‌ಹಬ್‌ನವ್ರ ಗಿಸ್ಟ್ 2008ರಿಂದ ಐತಿ, ಚಲೋನೂ ಐತಿ, ಆದ್ರ ಅದರಾಗಿನ "ಸೀಕ್ರೆಟ್" ನಂಬಬ್ಯಾಡ್ರಿ. ಅದು ಹುಡುಕಿದ್ರ ಸಿಗೂದಿಲ್ಲ ಅಷ್ಟ, ಲಿಂಕ್ ಇದ್ದಾಂವ ಯಾರ ಬೇಕಾದ್ರೂ ತಗದು ಓದ್ಬಹುದು. ಪ್ರತಿ ಗಿಸ್ಟೂ ಒಳಗ ಒಂದ ಗಿಟ್ ರೆಪೋನ, ಅಂದ್ರ ಮಾಡಿದ ಬದಲಾವಣಿ ಎಲ್ಲಾ ನೆನಪಿಟ್ಕೊಳ್ಳೋ ಜಾಗ, ಹಂಗಾಗಿ ಎಡಿಟ್ ಮಾಡಿ ಪಾಸ್‌ವರ್ಡ್ ತಗದ್ರೂ "ರಿವಿಷನ್ಸ್" ಒತ್ತಿದ್ರ ಹಳೇದು ಕೆಂಪು ಬಣ್ಣದಾಗ ಎದ್ದು ಕಾಣತೈತಿ. ನಮ್ಮ ಹುಡುಗ ಒಬ್ಬಾಂವ ಗಿರಾಕಿ ಮೇಲ್ ಪಾಸ್‌ವರ್ಡ್ ಹಿಂಗ ಹಾಕಿ, ಎಡಿಟ್ ಮಾಡಿ, "ತಗದೀನಿ ಅಣ್ಣಾ" ಅಂತ ಚಾ ಕುಡ್ಯಾಕ ಹ್ವಾದ, ಮರುದಿನ ಮುಂಜಾನೆ ಆ ಮೇಲ್‌ನಿಂದ ಲಾಟರಿ ಸ್ಪ್ಯಾಮ್ ಹೊಂಟಿತ್ತು, ಬೈಸ್ಕೊಂಡಾಂವ ನಾನು. ಹೊರಗ ಬಿದ್ದ ಕೀ ಹ್ವಾದಂಗ ಅಂತ ತಿಳ್ಕೊಳ್ರಿ. ಮೊದಲ ಆ ಕೀ ಕೊಟ್ಟ ಸರ್ವೀಸಿನ ಡ್ಯಾಶ್‌ಬೋರ್ಡಿಗೆ ಹೋಗಿ ಅದನ್ನ ರದ್ದು ಮಾಡಿ ಹೊಸಾದು ತಗೋರಿ, ಅಳಸೂದು ಆಮ್ಯಾಲೆ.

ಮೂರನೇದು, ಖಾಲಿ ಫೈಲ್‌ನ್ಯಾಗ ಹಾಕಿ ಒಮ್ಮೆ ಓಡಸ್ರಿ.

ಇನ್ನ ಕಳಸೂದು. ವಾಟ್ಸಾಪ್‌ನ್ಯಾಗ ಹಂಗ ಪೇಸ್ಟ್ ಮಾಡಿದ್ರ ಎರಡ ಸ್ಟಾರ್ ನಡುವಿನ ಅಕ್ಷರ ದಪ್ಪ ಆಗಿ ಸ್ಟಾರ್ ಮಾಯ, ಅಂಡರ್‌ಸ್ಕೋರ್ ಇದ್ರ ಓರೆ ಅಕ್ಷರ. ಹಿಂದ ಮುಂದ ಮೂರ ಮೂರ ಬ್ಯಾಕ್‌ಟಿಕ್ (`) ಹಾಕ್ರಿ, ಕೀಬೋರ್ಡ್‌ನ್ಯಾಗ ಒಂದರ ಎಡಕ್ಕ ಇರತೈತಿ. ವರ್ಡ್ ಫೈಲ್‌ನ್ಯಾಗ ಕೋಡ್ ಟೈಪ್ ಮಾಡಾವ್ರಿಗೆ ನಾ ಕೈ ಮುಗಿತೀನಿ, ಅದು ನೆಟ್ಟಗಿನ ಕೋಟ್ಸನ್ನ ಡೊಂಕು ಮಾಡತೈತಿ, ಆ ಕಡೆ ಕ್ರೋಮ್ "ಇನ್‌ವ್ಯಾಲಿಡ್ ಆರ್ ಅನ್‌ಎಕ್ಸ್‌ಪೆಕ್ಟೆಡ್ ಟೋಕನ್" ಅಂತ ಒದರತೈತಿ, ಕಣ್ಣಿಗೆ ಮಾತ್ರ ಏನೂ ತಪ್ಪು ಕಾಣೂದಿಲ್ಲ. ಸಿಎಸ್‌ಎಸ್ ಇದ್ರ ಕೋಡ್‌ಪೆನ್ ಲಿಂಕ್ ಕೊಡ್ರಿ, ಅಲ್ಲೇ ಓಡಿದ್ದು ಕಾಣತೈತಿ. ಬ್ಯಾಶ್ ಸ್ಕ್ರಿಪ್ಟ್ ವಿಂಡೋಸ್‌ನ್ಯಾಗ ಬರದಿದ್ರ ಎಡಿಟರ್‌ನ ಕೆಳಗ ಸಿಆರ್‌ಎಲ್‌ಎಫ್ (ವಿಂಡೋಸ್ ಸಾಲಿನ ಕಡೀಕ ಹಾಕೋ ಕಾಣದ ಗುರುತು) ಅಂತ ಇದ್ದದ್ದನ್ನ ಎಲ್‌ಎಫ್ (ಲಿನಕ್ಸಿಂದು) ಮಾಡಿ ಸೇವ್ ಮಾಡ್ರಿ, ಇಲ್ಲಂದ್ರ ಲಿನಕ್ಸ್‌ನ್ಯಾಗ "ಬ್ಯಾಡ್ ಇಂಟರ್‌ಪ್ರಿಟರ್" ಅಂತಲೋ ಏನೋ ಒಂದ ಎರರ್ ಬರತೈತಿ.

ಕಡೀಕ, ಮ್ಯಾಲೆ ಒಂದ ಸಾಲ ಕಾಮೆಂಟ್: ಏನ ಮಾಡತೈತಿ, ಯಾವ ವರ್ಷನ್‌ನ್ಯಾಗ ಓಡಿತು. ಬ್ಯಾರೆ ಸರ್ವರ್‌ನಿಂದ ಡೇಟಾ ತರೋ ಫೆಚ್ ಅನ್ನೋ ಫಂಕ್ಷನ್ ನೋಡ್ (ಸರ್ವರ್‌ನ್ಯಾಗ ಜಾವಾಸ್ಕ್ರಿಪ್ಟ್ ಓಡಸೋ ಸಾಫ್ಟ್‌ವೇರ್) 18ರಿಂದ ಜೋಡೀನ ಬರತೈತಿ, ಗಿರಾಕಿ ಸರ್ವರ್‌ನ್ಯಾಗ 16 ಇದ್ರ "ಫೆಚ್ ಈಸ್ ನಾಟ್ ಡಿಫೈನ್ಡ್" ಬಂದು ರಾತ್ರಿ ಹನ್ನೊಂದಕ್ಕ ನಿಮಗ ಫೋನ್ ಬರತೈತಿ.