ಮೋಡದ ಅಡಿಯ ಕೆರೆ ಕಂಡದ್ದು ಹೀಗೆ

ಉಡುಪಿ ಸುತ್ತಲಿನ ಕೆರೆ, ಮದಗಗಳ ನೀರು ಯಾವ ತಿಂಗಳು ಎಷ್ಟು ಹರಡುತ್ತದೆ ಎಂದು ನಕ್ಷೆ ಮಾಡಲು ಹೊರಟಿದ್ದೆ. ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಜನವರಿಯ ಮಣ್ಣಪಳ್ಳ ಕೆರೆ ಚೆನ್ನಾಗಿ ಕಂಡಿತು. ಜೂನ್ ಬಂದದ್ದೇ ಬರೀ ಮೋಡ! ನೀರು ಜಾಸ್ತಿ ಇರುವ ಹೊತ್ತಿನ ಚಿತ್ರವೇ ಇಲ್ಲದಿದ್ದರೆ ನಕ್ಷೆ ಅಪೂರ್ಣ ಅಲ್ವಾ?

ಹಾಗಾಗಿ ಸೆಂಟಿನೆಲ್-1 ಉಪಗ್ರಹದ ರಾಡಾರ್ ಚಿತ್ರ ತೆಗೆದುಕೊಂಡೆ. ಅದರ ರೇಡಿಯೋ ಅಲೆಗಳು ಮೋಡ ದಾಟುತ್ತವೆ. ಅಲುಗಾಡದ ನೀರು ಅವನ್ನು ಉಪಗ್ರಹಕ್ಕೆ ಮರಳಿಸದೆ ಕನ್ನಡಿಯಂತೆ ಆಚೆ ತಳ್ಳುವುದರಿಂದ ಕಪ್ಪಾಗಿ ಕಾಣುತ್ತದೆ. ಆದರೆ ಜುಲೈಯಲ್ಲಿ ಇಡೀ ಬೈಲೇ ಕಪ್ಪು. ನೇಜಿ ನೆಡಲು ನೀರು ಕಟ್ಟಿದ ಗದ್ದೆಗಳು ಅವು. ಆಗಸ್ಟ್ ಕೊನೆಯ ಚಿತ್ರ ಪಕ್ಕದಲ್ಲಿಟ್ಟೆ. ಪೈರು ಎದ್ದ ಗದ್ದೆ ಬೆಳ್ಳಗಾಗಿತ್ತು, ಕೆರೆ ಕಪ್ಪಾಗಿಯೇ ಇತ್ತು. ಎರಡರಲ್ಲೂ ಕಪ್ಪಿದ್ದದ್ದನ್ನು ಮಾತ್ರ ಉಳಿಸಿಕೊಂಡೆ. ತೀರಾ ಚಿಕ್ಕ ಮದಗಗಳನ್ನು ನಡೆದೇ ಹೋಗಿ ನೋಡಿ ಗುರುತಿಸಿದೆ.