ಮಧುಮೇಹ ಇರುವ ಮನೆಯಲ್ಲಿ ಹಾಲು: ಬಿಡುವ ಮೊದಲು ಮಾಡಬೇಕಾದ ಲೆಕ್ಕ

ನನ್ನ ಮಗಳಿಗೆ ಟೈಪ್ 1 ಮಧುಮೇಹ ಇದೆ. ಸುದ್ದಿ ತಿಳಿದ ನೆಂಟರಿಷ್ಟರಲ್ಲಿ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ: "ಚಿಕ್ಕಂದಿನಲ್ಲಿ ಹಸುವಿನ ಹಾಲು ಕುಡಿಸಿದ್ದಿರಾ?" ಈ ಒಂದು ಪ್ರಶ್ನೆ ಎಷ್ಟೋ ತಾಯಂದಿರ ನಿದ್ದೆ ಕೆಡಿಸಿದೆ. ಹಾಲು ಇರಲೋ ಬೇಡವೋ ಎಂದು ಚಿಂತಿಸುತ್ತಿರುವವರಿಗಾಗಿ, ನಾನು ಹೇಗೆ ಲೆಕ್ಕ ಹಾಕುತ್ತೇನೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಯಾವ ಮಧುಮೇಹದ ಮಾತು ಎಂದು ಕೇಳಿ. ಟೈಪ್ 1ರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಕೋಶಗಳನ್ನು ನಾಶಮಾಡುತ್ತದೆ. 1992ರಲ್ಲಿ, ಹೊಸದಾಗಿ ಕಾಯಿಲೆ ಬಂದ ಮಕ್ಕಳ ರಕ್ತದಲ್ಲಿ ಹಸುವಿನ ಹಾಲಿನ ಒಂದು ಪ್ರೋಟೀನಿನ ವಿರುದ್ಧ ಪ್ರತಿಕಾಯಗಳು ಹೆಚ್ಚಾಗಿ ಕಂಡುಬಂದಾಗ ಹಾಲಿನ ಮೇಲಿನ ಅನುಮಾನ ಬಲವಾಯಿತು. ಅದನ್ನು ಒರೆಗೆ ಹಚ್ಚಲು 'ಟ್ರಿಗರ್' ಎಂಬ ಅಧ್ಯಯನ 15 ದೇಶಗಳಲ್ಲಿ ನಡೆಯಿತು. ತಂದೆ, ತಾಯಿ ಅಥವಾ ಒಡಹುಟ್ಟಿದವರಿಗೆ ಟೈಪ್ 1 ಇದ್ದ, ಆನುವಂಶಿಕವಾಗಿಯೂ ಅಪಾಯ ಹೆಚ್ಚಿದ್ದ 2,159 ಶಿಶುಗಳಲ್ಲಿ ಅರ್ಧದಷ್ಟು ಮಕ್ಕಳಿಗೆ ಶಿಶುಗಳಿಗೆಂದೇ ತಯಾರಿಸಿದ ಸಾಮಾನ್ಯ ಹಾಲಿನ ಪುಡಿ, ಉಳಿದವರಿಗೆ ಪ್ರೋಟೀನನ್ನು ಚೂರು ಚೂರಾಗಿ ಒಡೆದ ಪುಡಿ. 2018ರಲ್ಲಿ ಫಲಿತಾಂಶ ಬಂತು: ಸಾಮಾನ್ಯ ಪುಡಿಯ ಗುಂಪಿನಲ್ಲಿ ಶೇ. 7.6, ಒಡೆದ ಪುಡಿಯ ಗುಂಪಿನಲ್ಲಿ ಶೇ. 8.4 ಮಕ್ಕಳಿಗೆ ಕಾಯಿಲೆ ಬಂದಿತ್ತು. ಹಾಲಿನ ಪ್ರೋಟೀನನ್ನು ದೂರವಿಟ್ಟದ್ದರಿಂದ ಮಕ್ಕಳಿಗೆ ರಕ್ಷಣೆ ಸಿಗಲಿಲ್ಲ. ತಪ್ಪು ತನ್ನದೇ ಎಂದು ಕೊರಗುತ್ತಿರುವ ತಾಯಿ ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಆ ಎರಡು ಅಂಕಿಗಳನ್ನು ಇನ್ನೊಮ್ಮೆ ನೋಡಿ. ಹಾಲಿನ ಪ್ರೋಟೀನಿನ ಎ1 ಎಂಬ ಬಗೆ ಕಾಯಿಲೆ ತರುತ್ತದೆ, ಎ2 ಎಂಬ ಬಗೆ ತರುವುದಿಲ್ಲ ಎನ್ನುವ ವಾದವನ್ನೂ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2009ರಲ್ಲಿ ಪರಿಶೀಲಿಸಿತ್ತು. ಕಾಯಿಲೆಗೆ ಅದೇ ಕಾರಣ ಎನ್ನಲು ಆಧಾರ ಸಿಗಲಿಲ್ಲ.

ಟೈಪ್ 2ರ ಕಥೆ ಬೇರೆ. ಅಲ್ಲಿ ಮೈತೂಕ, ವಂಶ, ಚಟುವಟಿಕೆಯ ಕೊರತೆ ಮುಖ್ಯ. ದೊಡ್ಡ ಸಮೀಕ್ಷೆಗಳಲ್ಲಿ ಹಾಲು ಕುಡಿಯುವವರಿಗೆ ಅಪಾಯ ಹೆಚ್ಚೆಂದು ಕಂಡಿಲ್ಲ. ಮೊಸರು ತಿನ್ನುವವರಲ್ಲಿ ತುಸು ಕಡಿಮೆಯೇ ಕಂಡಿದೆ. ಹಾಗೆಂದು ಮೊಸರನ್ನು ಔಷಧಿ ಎಂದುಕೊಳ್ಳಬೇಡಿ, ಇವು ಹೋಲಿಕೆಯ ಲೆಕ್ಕಗಳಷ್ಟೇ, ಕಾರಣದ ಪುರಾವೆಯಲ್ಲ. ದಿನಕ್ಕೆ ಮೂರು ಲೋಟ ಅಥವಾ ಅದಕ್ಕಿಂತ ಹೆಚ್ಚು ಹಾಲು ಕುಡಿಯುವ ಮಹಿಳೆಯರಲ್ಲಿ ಸಾವಿನ ಪ್ರಮಾಣ ಹೆಚ್ಚು ಎಂದ 2014ರ ಸ್ವೀಡನ್ನಿನ ಅಧ್ಯಯನವನ್ನೂ ಹೀಗೆಯೇ ಓದಬೇಕು. ಅದನ್ನು ಬರೆದವರೇ ಎಚ್ಚರಿಕೆಯಿಂದ ಅರ್ಥೈಸಿ ಎಂದಿದ್ದರು.

ಈಗ ಅಡುಗೆಮನೆಗೆ ಬನ್ನಿ. ನೀವು ದಿನಾ ಕುಡಿಯುವ ಲೋಟಕ್ಕೆ ನೀರು ತುಂಬಿಸಿ, ಅದನ್ನು ಅಳತೆಯ ಪಾತ್ರೆಗೆ ಸುರಿಯಿರಿ. 'ಒಂದು ಲೋಟ' ಎನ್ನುವುದು 150 ಮಿಲಿಲೀಟರೋ 300 ಮಿಲಿಲೀಟರೋ ಎಂಬುದು ಆಗ ತಿಳಿಯುತ್ತದೆ. 250 ಮಿಲಿಲೀಟರ್ ಹಾಲಿನಲ್ಲಿ ಸುಮಾರು 12 ಗ್ರಾಂ ಸಕ್ಕರೆ ಇರುತ್ತದೆ, ನೀವು ಒಂದು ಚಮಚವನ್ನೂ ಬೆರೆಸದಿದ್ದರೂ. ಅದು ಲ್ಯಾಕ್ಟೋಸ್. ಕೆನೆ ತೆಗೆದರೆ ಕೊಬ್ಬು ಹೋಗುತ್ತದೆ, ಈ ಸಕ್ಕರೆ ಹೋಗುವುದಿಲ್ಲ. ಲ್ಯಾಕ್ಟೋಸ್ ರಹಿತ ಹಾಲಿನಲ್ಲಿಯೂ ಅದು ಒಡೆದ ರೂಪದಲ್ಲಿ ಬಹುಪಾಲು ಹಾಗೆಯೇ ಉಳಿದಿರುತ್ತದೆ. ನಾಲಿಗೆಗೆ ಸಿಹಿ ಹೆಚ್ಚೆನಿಸುವುದು ಅದಕ್ಕೇ. ಮಗಳ ಇನ್ಸುಲಿನ್ ಲೆಕ್ಕದಲ್ಲಿ ನಾನು ಈ 12 ಗ್ರಾಂ ಅನ್ನು ಬಿಡುವುದೇ ಇಲ್ಲ.

ಟೈಪ್ 2 ಇರುವವರು ಗ್ಲುಕೋಮೀಟರನ್ನೇ ಕೇಳಿ ನೋಡಬಹುದು. ಸಕ್ಕರೆ ಹಾಕದ ಹಾಲನ್ನು ಅಳೆದು ಕುಡಿಯಿರಿ. ಕುಡಿಯುವ ಮೊದಲು, ಒಂದು ಗಂಟೆಯ ನಂತರ, ಎರಡು ಗಂಟೆಯ ನಂತರ ರಕ್ತ ಪರೀಕ್ಷಿಸಿ ಬರೆದಿಡಿ. ಇನ್ನೊಂದು ದಿನ ಅದೇ ಹೊತ್ತಿಗೆ, ನೀವು ಸಾಮಾನ್ಯವಾಗಿ ಹಾಲಿನ ಜೊತೆ ತಿನ್ನುವುದನ್ನೂ ಸೇರಿಸಿ ಪರೀಕ್ಷಿಸಿ. ಏರಿಕೆ ಹಾಲಿನದೋ, ಅದರ ಜೊತೆಗಿದ್ದ ಬಿಸ್ಕತ್ತಿನದೋ ಎಂಬುದು ನಿಮ್ಮ ಪುಸ್ತಕದಲ್ಲೇ ಕಾಣುತ್ತದೆ. ಊಟದ ನಂತರ 180 ಮಿ.ಗ್ರಾಂ. ಒಳಗಿರಲಿ ಎನ್ನುವುದು ಸಾಮಾನ್ಯ ಗುರಿ. ನಿಮ್ಮ ವೈದ್ಯರು ಬೇರೆ ಗುರಿ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ.

ಬಾದಾಮಿ, ಓಟ್ಸ್, ಅಕ್ಕಿಯ 'ಹಾಲು' ಕೊಳ್ಳುವುದಾದರೆ ಪೊಟ್ಟಣದ ಹಿಂಬದಿಯನ್ನು ಓದಿ. ಓಟ್ಸ್ ಮತ್ತು ಅಕ್ಕಿಯವುಗಳಲ್ಲಿ ಹಸುವಿನ ಹಾಲಿಗಿಂತ ಹೆಚ್ಚು ಕಾರ್ಬೋಹೈಡ್ರೇಟ್ ಇರಬಹುದು. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರು ಅದನ್ನು ಮಧುಮೇಹಕ್ಕೆ ತಳುಕು ಹಾಕಬೇಕಿಲ್ಲ. ಪ್ರಪಂಚದ ಬಹುಪಾಲು ವಯಸ್ಕರಿಗೆ ಲ್ಯಾಕ್ಟೋಸ್ ಜೀರ್ಣಿಸುವ ಶಕ್ತಿ ಕಡಿಮೆಯೇ ಇದೆ. ಅಂಥವರಲ್ಲಿ ಅನೇಕರಿಗೆ ಮೊಸರು ಒಗ್ಗುತ್ತದೆ.

ಒಂದು ವರ್ಷ ತುಂಬುವವರೆಗೆ ಮಗುವಿಗೆ ಎದೆಹಾಲಿನ ಬದಲಾಗಿ ಹಸುವಿನ ಹಾಲನ್ನು ಕೊಡಬೇಡಿ. ಅದರಲ್ಲಿ ಕಬ್ಬಿಣಾಂಶ ತೀರಾ ಕಡಿಮೆ, ರಕ್ತಹೀನತೆ ಬರಬಹುದು. ಮೂತ್ರಪಿಂಡದ ತೊಂದರೆ ಇರುವವರು ಹಾಲಿನಲ್ಲಿರುವ ರಂಜಕ, ಪೊಟ್ಯಾಸಿಯಂಗಳ ಬಗ್ಗೆ ವೈದ್ಯರನ್ನು ಕೇಳಿಯೇ ಪ್ರಮಾಣ ನಿರ್ಧರಿಸಬೇಕು.

ಇನ್ಸುಲಿನ್ ತೆಗೆದುಕೊಳ್ಳುವವರ ಮನೆಯವರಿಗೆ ಇನ್ನೊಂದು ಮಾತು. ಸಕ್ಕರೆ 70ಕ್ಕಿಂತ ಕೆಳಗಿಳಿದು ಕೈ ನಡುಗಿ ಬೆವರುತ್ತಿರುವಾಗ ಕೆನೆಭರಿತ ಹಾಲು ಕೊಡಬೇಡಿ. ಕೊಬ್ಬು ಸಕ್ಕರೆಯ ಏರಿಕೆಯನ್ನು ನಿಧಾನಿಸುತ್ತದೆ. ಎಚ್ಚರವಿದ್ದು ನುಂಗಲು ಆಗುವವರಿಗೆ 15 ಗ್ರಾಂ ಗ್ಲುಕೋಸ್ ಅಥವಾ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೊಟ್ಟು, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿ. ಅಂಕಿ ಮೇಲೆ ಬಂದ ಮೇಲೆ ಹಾಲು ಕೊಡಬಹುದು.